ಮತಯಂತ್ರದವರೆಗೆ ಬಂದ ಕನ್ನಡ: ಕಾಸರಗೋಡಿನ ಪಂಚಾಯತು ಪ್ರಾತಿನಿಧ್ಯ ಸೇವೆಯ ವಿಮರ್ಶೆ

ಪಂಚಾಯತು ಚುನಾವಣೆಯ ಬಗ್ಗೆ ನಾವು ಬರೆಯುವುದೆಲ್ಲ ಯಾರು ಗೆದ್ದರು, ಯಾರು ಸೋತರು, ಯಾವ ಪಕ್ಷಕ್ಕೆ ಎಷ್ಟು ವಾರ್ಡು ಎಂಬ ಲೆಕ್ಕದಲ್ಲಿಯೇ ಮುಗಿದುಹೋಗುತ್ತದೆ. ಈ ಬರಹದಲ್ಲಿ ಆ ಲೆಕ್ಕಕ್ಕೆ ನಾನು ಹೋಗುವುದಿಲ್ಲ. ಮತದಾರರ ಪಟ್ಟಿಗೆ ಹೆಸರು ಸೇರಿಸುವಲ್ಲಿಂದ ತೊಡಗಿ ಮತಗಟ್ಟೆ, ಮತಯಂತ್ರ, ಗೆದ್ದು ಬಂದ ಸದಸ್ಯರು, ಗ್ರಾಮಸಭೆ, ಪಂಚಾಯತು ಕಚೇರಿಯ ಅರ್ಜಿ ಇವೆಲ್ಲವೂ ಒಂದೇ ಸೇವೆಯ ಹಂತಗಳೆಂದು ತಿಳಿದು, ಕಾಸರಗೋಡಿನ ಕನ್ನಡ ಮತದಾರನಿಗೆ ಆ ಸೇವೆ ಎಷ್ಟರ ಮಟ್ಟಿಗೆ ದಕ್ಕುತ್ತದೆ ಎಂಬುದನ್ನು ಪರಿಶೀಲಿಸುವುದು ನನ್ನ ಉದ್ದೇಶ. ಹೋಲಿಕೆಗೆ ಇಂಗ್ಲೆಂಡಿನ ಒಂದು ನಗರವಾರ್ಡನ್ನು ತೆಗೆದುಕೊಂಡಿದ್ದೇನೆ. ನನ್ನ ಮಗಳ ಸಂಸಾರ ಲಂಡನ್ನಿನ ಹೊರವಲಯದ ಹ್ಯಾರೋದಲ್ಲಿದೆ. ಅಲ್ಲಿ ತಂಗಿದ್ದಾಗ ಅಲ್ಲಿನ ಕೌನ್ಸಿಲು ಹೇಗೆ ನಡೆಯುತ್ತದೆ ಎಂಬುದನ್ನು ಆಸಕ್ತಿಯಿಂದ ಗಮನಿಸಿದ್ದೆ. ಹೋಲಿಸದೆ ಹೋದರೆ ನಮ್ಮಲ್ಲಿರುವ ಒಳ್ಳೆಯದೂ ಕಣ್ಣಿಗೆ ಬೀಳುವುದಿಲ್ಲ, ಕೊರತೆಯೂ ಕಣ್ಣಿಗೆ ಬೀಳುವುದಿಲ್ಲ.

ಮೊದಲಿಗೆ ಮತದಾರರ ಪಟ್ಟಿ. ಲೋಕಸಭೆ ಮತ್ತು ವಿಧಾನಸಭೆಯ ಚುನಾವಣೆಗೆ ಭಾರತದ ಚುನಾವಣಾ ಆಯೋಗ ಸಿದ್ಧಪಡಿಸುವ ಪಟ್ಟಿಯೇ ಬೇರೆ, ಗ್ರಾಮ ಪಂಚಾಯತು ಮತ್ತು ನಗರಸಭೆಗಳಿಗೆ ಕೇರಳ ರಾಜ್ಯ ಚುನಾವಣಾ ಆಯೋಗ ಸಿದ್ಧಪಡಿಸುವ ಪಟ್ಟಿಯೇ ಬೇರೆ. ಗುರುತಿನ ಚೀಟಿ ಕೈಯಲ್ಲಿದೆ, ಹೋದ ಬಾರಿ ವಿಧಾನಸಭೆಗೆ ಮತ ಹಾಕಿದ್ದೇನೆ ಎಂಬ ಧೈರ್ಯದಿಂದ ಬೂತಿಗೆ ಬಂದು, ಈ ಪಟ್ಟಿಯಲ್ಲಿ ಹೆಸರಿಲ್ಲದೆ ಹಿಂದಿರುಗುವವರನ್ನು ಪ್ರತಿ ಚುನಾವಣೆಯಲ್ಲಿಯೂ ನೋಡಬಹುದು. 2025ರ ಚುನಾವಣೆಗೆ ಮುನ್ನ 2011ರ ಜನಗಣತಿಯ ಆಧಾರದ ಮೇಲೆ ವಾರ್ಡುಗಳ ಗಡಿಯನ್ನೂ ಮರುವಿಂಗಡಿಸಿದ್ದರಿಂದ ಗೊಂದಲ ಇನ್ನಷ್ಟು ಹೆಚ್ಚಿತು. ರಸ್ತೆಯ ಈಚೆಗಿನ ಮನೆ ಒಂದು ವಾರ್ಡಿಗೂ ಆಚೆಗಿನ ಮನೆ ಇನ್ನೊಂದು ವಾರ್ಡಿಗೂ ಸೇರಿದ್ದು ಎಷ್ಟೋ ಮಂದಿಗೆ ತಿಳಿದದ್ದು ಅಭ್ಯರ್ಥಿಗಳು ಮನೆಗೆ ಬಂದಾಗ. ಆಯೋಗದ ಜಾಲತಾಣದಲ್ಲಿ ಪಟ್ಟಿಯನ್ನು ನೋಡುವ, ಹೆಸರು ಸೇರಿಸಲು ಅರ್ಜಿ ಸಲ್ಲಿಸುವ ಅನುಕೂಲವಿದೆ, ಅದು ಚೆನ್ನಾಗಿ ಕೆಲಸವನ್ನೂ ಮಾಡುತ್ತದೆ. ಆದರೆ ಅದರ ಬಳಕೆ ಗೊತ್ತಿರುವ ಮಕ್ಕಳು ಮನೆಯಲ್ಲಿಲ್ಲದ ಹಿರಿಯರು ಪಕ್ಷದ ಕಾರ್ಯಕರ್ತರನ್ನೋ ಆನ್‌ಲೈನ್ ಅರ್ಜಿಗಳನ್ನು ಸಲ್ಲಿಸಿಕೊಡುವ ಅಕ್ಷಯ ಕೇಂದ್ರವನ್ನೋ ನಂಬಬೇಕು.

ಮತದಾನದ ದಿನದ ವ್ಯವಸ್ಥೆಗೆ ಮಾತ್ರ ನಾನು ಮನಸಾರೆ ಹೆಚ್ಚಿನ ಅಂಕ ಕೊಡುತ್ತೇನೆ. ನಮ್ಮ ಜಿಲ್ಲೆ ಮತ ಹಾಕಿದ್ದು ಎರಡನೆಯ ಹಂತದಲ್ಲಿ, ಡಿಸೆಂಬರ್ 11ರಂದು, ಬೆಳಗ್ಗೆ 7ರಿಂದ ಸಂಜೆ 6ರವರೆಗೆ. ಗ್ರಾಮ ಪಂಚಾಯತಿನ ಮತದಾರರಿಗೆ ಮೂರು ಮತ: ಒಂದು ಗ್ರಾಮ ಪಂಚಾಯತಿಗೆ, ಒಂದು ಬ್ಲಾಕ್ ಪಂಚಾಯತಿಗೆ, ಇನ್ನೊಂದು ಜಿಲ್ಲಾ ಪಂಚಾಯತಿಗೆ. ಮೂರಕ್ಕೂ ಬೇರೆ ಬೇರೆ ಯಂತ್ರ. ಗ್ರಾಮಕ್ಕೆ ಬಿಳಿ, ಬ್ಲಾಕಿಗೆ ನಸುಗೆಂಪು, ಜಿಲ್ಲೆಗೆ ತಿಳಿನೀಲಿ ಬಣ್ಣದ ಹಾಳೆ. ಓದಲು ಬಾರದವರೂ ಬಣ್ಣದಿಂದ ಗುರುತಿಸಿ, ಚಿಹ್ನೆಯನ್ನು ನೋಡಿ, ಗುಂಡಿಯನ್ನು ಒತ್ತಿ, ಬೀಪ್ ಸದ್ದು ಕೇಳಿದ ಮೇಲೆ ಮುಂದಿನದಕ್ಕೆ ಹೋಗಬಹುದು. ಮೂರರಲ್ಲಿ ಒಂದಕ್ಕೆ ಮತ ಹಾಕಲು ಮನಸ್ಸಿಲ್ಲದವರು ಕೊನೆಯಲ್ಲಿ ಎಂಡ್ ಗುಂಡಿಯನ್ನು ಒತ್ತಬೇಕು. ವಿಧಾನಸಭೆಯ ಚುನಾವಣೆಯಲ್ಲಿರುವ ನೋಟಾ ಇಲ್ಲಿ ಇಲ್ಲವಾದುದರಿಂದ ಈ ಗುಂಡಿಯ ವಿಷಯವನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.

ಮುಖ್ಯವಾಗಿ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ವಾರ್ಡುಗಳಲ್ಲಿ ಅಭ್ಯರ್ಥಿಗಳ ಹೆಸರು ಮಲಯಾಳದ ಜೊತೆಗೆ ಕನ್ನಡದಲ್ಲಿಯೂ ಅಚ್ಚಾಗಿರುತ್ತದೆ. ಇದನ್ನು ಸಣ್ಣ ಸಂಗತಿಯೆಂದು ಭಾವಿಸಬಾರದು. ಚುನಾವಣೆಯ ಅಷ್ಟೊಂದು ಒತ್ತಡದ ನಡುವೆ, ರಾಜ್ಯದ ಉತ್ತರದ ತುದಿಯಲ್ಲಿರುವ ಕೆಲವು ಪಂಚಾಯತುಗಳಿಗಾಗಿ ಪ್ರತ್ಯೇಕ ಹಾಳೆಯನ್ನು ಸಿದ್ಧಪಡಿಸಿ, ಪ್ರತಿಯೊಬ್ಬ ಅಭ್ಯರ್ಥಿಯ ಹೆಸರನ್ನು ಎರಡು ಲಿಪಿಗಳಲ್ಲಿ ತಪ್ಪಿಲ್ಲದೆ ಮುದ್ರಿಸುವುದು ಎಚ್ಚರಿಕೆಯ ಕೆಲಸ. ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಪುತ್ತಿಗೆ, ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ, ದೇಲಂಪಾಡಿಗಳ ಕಡೆಯಲ್ಲಿ ಕನ್ನಡ ಶಾಲೆಯಲ್ಲಿ ಮಾತ್ರ ಓದಿದ ಸಾವಿರಾರು ಹಿರಿಯರಿಗೆ, ತಮ್ಮ ಊರಿನವನ ಹೆಸರನ್ನು ತಮ್ಮ ಕಣ್ಣಿನಿಂದಲೇ ಓದಿ ಮತ ಹಾಕುವ ಗೌರವ ಇದರಿಂದ ದೊರೆಯುತ್ತದೆ.

ಇದೇ ವಿಷಯದಲ್ಲಿ ಇಂಗ್ಲೆಂಡಿನ ಪದ್ಧತಿಯನ್ನು ನೋಡಿದರೆ ನಮ್ಮ ವ್ಯವಸ್ಥೆಯ ಬೆಲೆ ತಿಳಿಯುತ್ತದೆ. ಹ್ಯಾರೋ ಗುಜರಾತಿಗಳು ಬಹಳ ಸಂಖ್ಯೆಯಲ್ಲಿರುವ ಪ್ರದೇಶ. ಅಂಗಡಿಯ ಫಲಕಗಳಲ್ಲಿಯೂ ಗುಜರಾತಿ ಅಕ್ಷರ ಕಾಣಸಿಗುತ್ತದೆ. ಮತದಾರರಿಗೆ ಕೊಡುವ ತಿಳಿವಳಿಕೆಯ ಸೂಚನೆಗಳನ್ನು ಬೇರೆ ಭಾಷೆಗಳಲ್ಲಿಯೂ ಕೊಡಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ, ಆದರೆ ಮತಪತ್ರ ಮಾತ್ರ ಇಂಗ್ಲಿಷಿನಲ್ಲಿಯೇ ಇರಬೇಕು. ಯಂತ್ರವಿಲ್ಲ, ಕಾಗದದ ಮೇಲೆ ಪೆನ್ಸಿಲಿನಿಂದ ಕತ್ತರಿ ಗುರುತು ಹಾಕಬೇಕು. ಮತಗಟ್ಟೆ ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ಕೆಲಸ ಮುಗಿಸಿ ಬರುವವರಿಗೆ ಈ ಹೆಚ್ಚಿನ ಗಂಟೆಗಳಿಂದ ತುಂಬ ಅನುಕೂಲ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಅಲ್ಲಿ ವಾಸಕ್ಕೆ ಅನುಮತಿ ಪಡೆದು ಹೆಸರು ನೋಂದಾಯಿಸಿಕೊಂಡಿದ್ದರೆ ಮತ ಹಾಕಬಹುದು. 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಿಂದ ಇಂಗ್ಲೆಂಡಿನಲ್ಲಿ ಚಿತ್ರವಿರುವ ಗುರುತಿನ ದಾಖಲೆ ಕಡ್ಡಾಯವಾಗಿದೆ, ಅದಕ್ಕೆ ಭಾರತದ ಪಾಸ್‌ಪೋರ್ಟನ್ನೂ ಒಪ್ಪುತ್ತಾರೆ. ಭಾರತದ ಪಾಸ್‌ಪೋರ್ಟನ್ನು ತೋರಿಸಿ ಲಂಡನ್ನಿನ ವಾರ್ಡಿಗೆ ಪ್ರತಿನಿಧಿಯನ್ನು ಆರಿಸಬಹುದು ಎಂಬುದು ನನಗೆ ಬಹಳ ಸಂತೋಷವನ್ನು ಕೊಟ್ಟ ವಿಷಯ. ಆ ಔದಾರ್ಯವನ್ನು ಮೆಚ್ಚಲೇಬೇಕು. ಹಾಗಿದ್ದರೂ ಮತ ಹಾಕುವವರ ಪ್ರಮಾಣ ಅಲ್ಲಿನ ಸ್ಥಳೀಯ ಚುನಾವಣೆಗಳಲ್ಲಿ ಸಾಮಾನ್ಯವಾಗಿ ಮೂವರಲ್ಲಿ ಒಬ್ಬರ ಆಸುಪಾಸಿನಲ್ಲಿರುತ್ತದೆ. ನಮ್ಮಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಸಾಲಿನಲ್ಲಿ ನಿಂತು ಮತ ಹಾಕುತ್ತಾರೆ.

ಮತದಾನದ ಹಂತ ಇಷ್ಟು ಚೆನ್ನಾಗಿ ನಡೆದಿರುವಾಗ ಅದರ ನಂತರದ ಹಂತಗಳಿಂದಲೂ ನಾವು ಅಷ್ಟನ್ನೇ ನಿರೀಕ್ಷಿಸುವುದು ನ್ಯಾಯ. ಮತಯಂತ್ರದವರೆಗೆ ನಮ್ಮನ್ನು ಕೈಹಿಡಿದು ಕರೆತಂದ ಕನ್ನಡ, ಫಲಿತಾಂಶ ಬಂದ ಮೇಲೆ ಐದು ವರ್ಷ ಎಲ್ಲಿರುತ್ತದೆ? ನನ್ನ ವಿಮರ್ಶೆಯ ತಿರುಳು ಈ ಪ್ರಶ್ನೆಯಲ್ಲಿದೆ.

ಪ್ರಾತಿನಿಧ್ಯದ ಬಗ್ಗೆ ಗಡಿನಾಡಿನವರಿಗೆ ಹಳೆಯ ನೆನಪುಗಳಿವೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ಮೇಲೆ 1957ರಲ್ಲಿ ನಡೆದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರ ಕ್ಷೇತ್ರ ಎಂ. ಉಮೇಶ ರಾಯರನ್ನು ಅವಿರೋಧವಾಗಿ ಆರಿಸಿತು. ಅನಂತರ ಕಳ್ಳಿಗೆ ಮಹಾಬಲ ಭಂಡಾರಿಯವರು ಅದೇ ಕ್ಷೇತ್ರವನ್ನು ಪ್ರತಿನಿಧಿಸಿದರು. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಕಾಗದದಲ್ಲಿಯೇ ಉಳಿಯಿತು. 2021ರಲ್ಲಿ ಮಂಜೇಶ್ವರದ ಶಾಸಕ ಎ. ಕೆ. ಎಂ. ಅಶ್ರಫ್ ಅವರು ತಿರುವನಂತಪುರದಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಪಕ್ಷಭೇದವಿಲ್ಲದೆ ಇಲ್ಲಿನವರೆಲ್ಲ ಹೆಮ್ಮೆಪಟ್ಟರು. ವಿಧಾನಸಭೆ ದೂರದ್ದಾಯಿತು, ಪಂಚಾಯತಿನಲ್ಲಿ ಕೆಲಸ ಮಾಡಿದ ಕನ್ನಡಿಗರ ಪರಂಪರೆಯೂ ಚಿಕ್ಕದಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಯವರು ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿದ್ದವರು. ಗಡಿನಾಡಿನ ಕನ್ನಡಕ್ಕಾಗಿ ಜೀವಮಾನವಿಡೀ ದನಿಯೆತ್ತಿದವರು ಊರಿನ ಆಡಳಿತದ ಹೊಣೆಯನ್ನೂ ಹೊತ್ತಿದ್ದರು ಎಂಬುದನ್ನು ಇಂದಿನ ಸದಸ್ಯರು ನೆನಪಿಟ್ಟುಕೊಳ್ಳಬೇಕೆಂದು ನನ್ನ ಆಸೆ.

ಇನ್ನು ಗೆದ್ದು ಬಂದ ಸದಸ್ಯರ ಸೇವೆ. ನಮ್ಮ ಗ್ರಾಮ ಪಂಚಾಯತಿನ ಒಂದು ವಾರ್ಡಿನಲ್ಲಿ ಸಾಮಾನ್ಯವಾಗಿ ಸಾವಿರ ಅಥವಾ ತುಸು ಹೆಚ್ಚು ಮತದಾರರು, ಅವರಿಗೆ ಒಬ್ಬರೇ ಸದಸ್ಯರು. ಹ್ಯಾರೋದಲ್ಲಿ 22 ವಾರ್ಡುಗಳಿಗೆ 55 ಕೌನ್ಸಿಲರುಗಳು. ಒಂದೊಂದು ವಾರ್ಡಿಗೆ ಇಬ್ಬರು ಅಥವಾ ಮೂವರು, ಒಬ್ಬೊಬ್ಬರ ಪಾಲಿಗೆ ಮೂರು ಸಾವಿರಕ್ಕೂ ಮಿಕ್ಕಿದ ಮತದಾರರು. ಮೂವರನ್ನು ಆರಿಸುವ ವಾರ್ಡಿನಲ್ಲಿ ಒಂದೇ ಮತಪತ್ರದಲ್ಲಿ ಮೂರು ಗುರುತುಗಳನ್ನು ಹಾಕಬಹುದು, ಬೇಡವೆಂದರೆ ಕಡಿಮೆ ಹಾಕಬಹುದು. ಲೆಕ್ಕದಲ್ಲಿ ನೋಡಿದರೆ ನಮ್ಮ ಸದಸ್ಯರೇ ನಮಗೆ ಹೆಚ್ಚು ಹತ್ತಿರದವರು, ನಿಜದಲ್ಲಿಯೂ ಹಾಗೆಯೇ. ಮದುವೆಯ ಮನೆಯಲ್ಲಿ, ಕೋಲದ ಗದ್ದೆಯಲ್ಲಿ, ಸಾವಿನ ಮನೆಯಲ್ಲಿ, ಹಾಲಿನ ಸೊಸೈಟಿಯ ಜಗಲಿಯಲ್ಲಿ ಅವರು ಸಿಗುತ್ತಾರೆ. ರಾತ್ರಿ ಮರ ಬಿದ್ದು ದಾರಿ ಕಟ್ಟಿದರೆ ಮೊದಲ ಫೋನು ಹೋಗುವುದು ಮೆಂಬರಿಗೇ. ಕನ್ನಡ, ತುಳು, ಮಲಯಾಳ, ಬ್ಯಾರಿ ಎಂದು ಮನೆಯಿಂದ ಮನೆಗೆ ಮಾತನ್ನು ಬದಲಿಸಿಕೊಳ್ಳುವ ಸದಸ್ಯರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ, ಇದು ಈ ಸಪ್ತಭಾಷೆಯ ನೆಲದ ದೊಡ್ಡ ಗುಣ.

ಆದರೆ ಹತ್ತಿರವಿರುವುದು ಬೇರೆ, ಎಲ್ಲರಿಗೂ ಸಮನಾಗಿ ದೊರಕುವುದು ಬೇರೆ. ನಮ್ಮಲ್ಲಿ ಸದಸ್ಯರ ಬಳಿಗೆ ಹೋಗುವುದು ಪರಿಚಯದ ಬಲದಿಂದ. ಇನ್ನೊಂದು ಪಕ್ಷಕ್ಕೆ ಓಟು ಹಾಕಿದವರೆಂದು ಊರಿಗೆಲ್ಲ ತಿಳಿದಿರುವ ಮನೆಯವರು, ಹೊಸದಾಗಿ ಬಾಡಿಗೆಗೆ ಬಂದವರು, ಗಂಡಸರಿಲ್ಲದ ಮನೆಯ ಹೆಂಗಸರು ಸದಸ್ಯರ ಮನೆಯ ಮೆಟ್ಟಿಲನ್ನು ಹತ್ತಲು ಹಿಂಜರಿಯುತ್ತಾರೆ. ಇಂಗ್ಲೆಂಡಿನ ಪದ್ಧತಿಯಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಈ ಹಿಂಜರಿಕೆಯನ್ನು ನಿವಾರಿಸುವ ಒಂದು ಸರಳ ಏರ್ಪಾಡು. ಕೌನ್ಸಿಲರುಗಳು ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಗಂಟೆಯಲ್ಲಿ, ಗ್ರಂಥಾಲಯದಲ್ಲೋ ಸಮುದಾಯ ಭವನದಲ್ಲೋ ಕುಳಿತು ವಾರ್ಡಿನ ಯಾರೇ ಬಂದರೂ ಮಾತನಾಡುತ್ತಾರೆ. ಇದಕ್ಕೆ ಅಲ್ಲಿ ಸರ್ಜರಿ ಎನ್ನುತ್ತಾರೆ. ಮನೆಯ ವಿಳಾಸದ ಪಿನ್‌ಕೋಡನ್ನು ಕೌನ್ಸಿಲಿನ ಜಾಲತಾಣದಲ್ಲಿ ಹಾಕಿದರೆ ವಾರ್ಡಿನ ಕೌನ್ಸಿಲರುಗಳ ಹೆಸರು, ಚಿತ್ರ, ಪಕ್ಷ, ಮಿಂಚಂಚೆಯ ವಿಳಾಸ ಎಲ್ಲವೂ ತೆರೆದುಕೊಳ್ಳುತ್ತದೆ. ಮಗಳು ಶಾಲೆಯ ಎದುರಿಗೆ ರಸ್ತೆ ದಾಟುವ ಪಟ್ಟೆ ಬೇಕೆಂದು ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಅಲ್ಲಿ ಕುಳಿತಿದ್ದವರು ಅವಳು ಯಾವ ಪಕ್ಷದವಳೆಂದೋ ಯಾರ ಪರಿಚಯದವಳೆಂದೋ ವಿಚಾರಿಸಲಿಲ್ಲ. ವಿಷಯವನ್ನು ಬರೆದುಕೊಂಡು, ಯಾವ ಅಧಿಕಾರಿಗೆ ಕಳುಹಿಸುತ್ತೇವೆಂದು ಹೇಳಿ, ಕೆಲವು ದಿನಗಳಲ್ಲಿ ಆ ಅಧಿಕಾರಿಯ ಉತ್ತರವನ್ನು ಮಿಂಚಂಚೆಯಲ್ಲಿ ತಲುಪಿಸಿದರು. ಕೆಲಸ ಆಗುವುದೋ ಇಲ್ಲವೋ, ವಿಷಯ ಯಾರ ಮೇಜಿನ ಮೇಲಿದೆ ಎಂಬುದು ಮಗಳಿಗೆ ತಿಳಿದಿತ್ತು.

ಅಲ್ಲಿ ಸಭೆಗಳ ಕಾರ್ಯಸೂಚಿಯನ್ನು ಐದು ಪೂರ್ಣ ದಿನಗಳ ಮುಂಚೆ ಪ್ರಕಟಿಸಬೇಕೆಂಬ ಕಾನೂನಿದೆ. ಯಾವ ಕೌನ್ಸಿಲರು ಎಷ್ಟು ಸಭೆಗಳಿಗೆ ಬಂದರು ಎಂಬ ವಿವರವನ್ನು ಅನೇಕ ಕೌನ್ಸಿಲುಗಳು ಜಾಲತಾಣದಲ್ಲಿ ಹಾಕುತ್ತವೆ. ತಕ್ಕ ಕಾರಣಕ್ಕೆ ಕೌನ್ಸಿಲಿನ ಒಪ್ಪಿಗೆ ಪಡೆಯದೆ ಆರು ತಿಂಗಳು ಒಂದೇ ಸಮನೆ ಸಭೆಗೆ ಬಾರದವರು ಸ್ಥಾನವನ್ನು ಕಳೆದುಕೊಳ್ಳುತ್ತಾರೆ. ಗೆದ್ದ ಮೇಲೆ ಪಕ್ಷ ಬದಲಿಸಿದವರಿಗೆ ಮಾತ್ರ ಅಲ್ಲಿ ತಡೆಯಿಲ್ಲ. ಪಕ್ಷಾಂತರಿಗಳನ್ನು ಅನರ್ಹಗೊಳಿಸುವ 1999ರ ಕೇರಳದ ಕಾನೂನು ಪಂಚಾಯತಿನ ಸದಸ್ಯರಿಗೂ ಅನ್ವಯಿಸುತ್ತದೆ, ಆ ಮಟ್ಟಿಗೆ ನಮ್ಮ ಮತ ಹೆಚ್ಚು ಭದ್ರ. ಮಹಿಳಾ ಪ್ರಾತಿನಿಧ್ಯದಲ್ಲಿಯೂ ನಾವು ಮುಂದೆ ಇದ್ದೇವೆ: 2010ರ ಚುನಾವಣೆಯಿಂದ ಕೇರಳದ ಸ್ಥಳೀಯ ಸಂಸ್ಥೆಗಳ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು, ಇಂಗ್ಲೆಂಡಿನಲ್ಲಿ ಅಂಥ ಮೀಸಲಾತಿಯಿಲ್ಲ. ಕೇರಳದ ಮಹಿಳಾ ಸ್ವಸಹಾಯ ಗುಂಪುಗಳ ಜಾಲವಾದ ಕುಟುಂಬಶ್ರೀಯಲ್ಲಿ ಪಳಗಿದ ಹೆಂಗಸರು ಸದಸ್ಯರಾಗಿ, ಅಧ್ಯಕ್ಷರಾಗಿ ಲೆಕ್ಕಪತ್ರವನ್ನು ನಿರ್ಭಯವಾಗಿ ಪ್ರಶ್ನಿಸುವುದನ್ನು ಕಂಡವರು ಈ ಮೀಸಲಾತಿಯ ಬಗ್ಗೆ ಹಗುರವಾಗಿ ಮಾತನಾಡಲಾರರು. ಮೀಸಲು ಸ್ಥಾನಗಳು ಚುನಾವಣೆಯಿಂದ ಚುನಾವಣೆಗೆ ಬದಲಾಗುವುದರಿಂದ, ಐದು ವರ್ಷ ದುಡಿದು ವಾರ್ಡಿನ ಪ್ರತಿ ಮನೆಯ ಕಷ್ಟವನ್ನು ತಿಳಿದುಕೊಂಡ ಸದಸ್ಯೆ ಅದೇ ವಾರ್ಡಿನಲ್ಲಿ ಮತ್ತೆ ಅಭ್ಯರ್ಥಿಯಾಗುವುದು ಅಪರೂಪವಾಗಿದೆ. ಪಕ್ಷಗಳು ಮನಸ್ಸು ಮಾಡಿದರೆ ಸಾಮಾನ್ಯ ಸ್ಥಾನದಲ್ಲಿಯೂ ಅವರನ್ನು ನಿಲ್ಲಿಸಬಹುದು; ಅದಕ್ಕೆ ಕಾನೂನಿನ ಅಡ್ಡಿಯಿಲ್ಲ.

ಈಗ ಗ್ರಾಮಸಭೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಸೇವೆಯ ಜೀವಾಳ ಇರುವುದು ಅಲ್ಲಿ. 1994ರ ಕೇರಳ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಪ್ರತಿ ವಾರ್ಡಿನ ಮತದಾರರೆಲ್ಲರೂ ಸೇರಿದ್ದೇ ಗ್ರಾಮಸಭೆ. ವಾರ್ಡಿನ ಸದಸ್ಯರೇ ಅದರ ಸಂಚಾಲಕರು. ಮೂರು ತಿಂಗಳಿಗೊಮ್ಮೆಯಾದರೂ ಅದನ್ನು ಕರೆಯಬೇಕು. ಸತತವಾಗಿ ಎರಡು ಬಾರಿ ಕರೆಯದಿದ್ದರೆ ಸದಸ್ಯತ್ವವನ್ನೇ ಕಳೆದುಕೊಳ್ಳುವ ಶಿಕ್ಷೆಯಿದೆ. ಮತದಾರರಲ್ಲಿ ಹತ್ತರಲ್ಲೊಂದು ಪಾಲು ಜನರು ಬಂದರೆ ಸಭೆಗೆ ಕೋರಂ. 1996ರ ಆಗಸ್ಟ್ 17ರಂದು ಆರಂಭವಾದ ಜನಕೀಯ ಯೋಜನೆಯ ಮೂಲಕ ರಾಜ್ಯದ ಯೋಜನಾ ಹಣದ ಶೇಕಡ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡುವ ತೀರ್ಮಾನವಾದ ಮೇಲೆ ಗ್ರಾಮಸಭೆಗೆ ನಿಜವಾದ ತೂಕ ಬಂತು. ಮನೆ ಕಟ್ಟಲು ನೆರವು ಯಾರಿಗೆ ಮೊದಲು, ದುರಸ್ತಿಗೆ ಯಾರಿಗೆ, ತೆಂಗಿನ ಗೊಬ್ಬರ, ಕರು, ಆಡು, ಕೋಳಿಮರಿ, ಕುಡಿಯುವ ನೀರಿನ ಟ್ಯಾಂಕಿ ಯಾರಿಗೆ ಎಂಬ ಫಲಾನುಭವಿಗಳ ಪಟ್ಟಿಯನ್ನು ಚರ್ಚಿಸಿ ಆದ್ಯತೆಯ ಕ್ರಮದಲ್ಲಿ ಒಪ್ಪುವುದು ಈ ಸಭೆ. ಅದು ಗೊತ್ತುಪಡಿಸಿದ ಕ್ರಮವನ್ನು ಪಂಚಾಯತು ತನ್ನ ಇಷ್ಟದಂತೆ ಬದಲಿಸುವಂತಿಲ್ಲ. ಹ್ಯಾರೋದ ನಾಗರಿಕರಿಗೆ ಇಂಥ ಅಧಿಕಾರವಿಲ್ಲ. ಅಲ್ಲಿ ಅಭಿಪ್ರಾಯವನ್ನು ಕೇಳುತ್ತಾರೆ, ಪ್ರಶ್ನೆ ಹಾಕಲು ಬಿಡುತ್ತಾರೆ, ತೀರ್ಮಾನ ಕೌನ್ಸಿಲಿನದು. ಊರಿನ ಬಡವರ ಪಟ್ಟಿಯನ್ನು ಊರಿನವರೇ ಎದುರುಬದುರು ಕುಳಿತು ಒಪ್ಪುವ ಇಂಥ ಸಭೆ ನಮ್ಮ ಕೈಯಲ್ಲಿದೆ ಎಂಬುದನ್ನು ನಾವೇ ಸಾಕಷ್ಟು ಅರಿತಿಲ್ಲ.

ಇಂಥ ಸಭೆಗೆ ಕರೆಯುವ ನೋಟೀಸು ನನ್ನ ವಾರ್ಡಿನಲ್ಲಿ ಬರುವುದು ಮಲಯಾಳದಲ್ಲಿ ಮಾತ್ರ. ಮತಯಂತ್ರದಲ್ಲಿ ಕನ್ನಡವನ್ನು ಅಚ್ಚುಹಾಕಿದ ಅದೇ ವಾರ್ಡು ಇದು. ಅಂಗನವಾಡಿಯ ಬಾಗಿಲಿಗೆ ಅಂಟಿಸಿದ ಹಾಳೆಯ ಮುಂದೆ ನಿಂತು ಹಿರಿಯರೊಬ್ಬರು ನನ್ನನ್ನು ಕರೆದು, "ಮಾಷ್ಟ್ರೇ, ಇದರಲ್ಲಿ ಎಂತ ಬರೆದದ್ದು? ಮೊನ್ನೆಯದ್ದೇ ನೋಟೀಸಾ, ಅಲ್ಲ ಹೊಸತ್ತಾ?" ಎಂದು ಕೇಳಿದರು. ಅವರು ಕನ್ನಡ ಪತ್ರಿಕೆಯನ್ನು ದಿನವೂ ಬಿಡದೆ ಓದುವವರು, ಯಕ್ಷಗಾನದ ಪ್ರಸಂಗಗಳು ಅವರಿಗೆ ಬಾಯಿಪಾಠ. ತಮ್ಮ ವಾರ್ಡಿನ ಸಭೆಯ ದಿನಾಂಕವನ್ನು ತಿಳಿಯಲು ಅವರು ಇನ್ನೊಬ್ಬರನ್ನು ಆಶ್ರಯಿಸಬೇಕಾಯಿತು. ಮನೆ ದುರಸ್ತಿಯ ಅರ್ಜಿಗೆ ಯಾವ ದಾಖಲೆಗಳನ್ನು ಲಗತ್ತಿಸಬೇಕು, ಕೊನೆಯ ದಿನ ಯಾವುದು ಎಂಬುದು ಆ ಹಾಳೆಯ ಕೆಳಗಿನ ಅರ್ಧದಲ್ಲಿತ್ತು. ಅದನ್ನು ನಾನು ಓದಿ ಹೇಳಿದೆ. ಓದಿ ಹೇಳುವವರು ಪಕ್ಕದಲ್ಲಿಲ್ಲದ ದಿನ ಏನಾಗುತ್ತದೆ? ಸಭೆಗೆ ಬಾರದವನ ಹೆಸರು ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆ, ಕೊನೆಯ ದಿನ ತಪ್ಪಿದವನ ಹೆಸರು ಪಟ್ಟಿಗೇ ಬರುವುದಿಲ್ಲ. ಮುಂದಿನ ಅವಕಾಶಕ್ಕೆ ಇನ್ನೊಂದು ವರ್ಷ ಕಾಯಬೇಕು, ಅಷ್ಟರಲ್ಲಿ ಒಂದು ಮಳೆಗಾಲ ಸೋರುವ ಮಾಡಿನ ಕೆಳಗೆ ಕಳೆದಿರುತ್ತದೆ.

ಸಭೆಯ ಒಳಗೆ ಪರಿಸ್ಥಿತಿ ಸ್ವಲ್ಪ ಉತ್ತಮ. ಸದಸ್ಯರು ಕನ್ನಡದಲ್ಲಿಯೂ ತುಳುವಿನಲ್ಲಿಯೂ ಮಾತನಾಡುತ್ತಾರೆ, ಪ್ರಶ್ನೆಗಳಿಗೆ ಅದೇ ಭಾಷೆಯಲ್ಲಿ ಉತ್ತರವೂ ಸಿಗುತ್ತದೆ. ಕೃಷಿಭವನದ ಅಥವಾ ಪಂಚಾಯತು ಕಚೇರಿಯ ಅಧಿಕಾರಿಗಳು ವಿವರಿಸಲು ನಿಂತಾಗ ಭಾಷೆ ಮಲಯಾಳಕ್ಕೆ ತಿರುಗುತ್ತದೆ. ದಕ್ಷಿಣದ ಜಿಲ್ಲೆಗಳಿಂದ ವರ್ಗವಾಗಿ ಬಂದ ಆ ಅಧಿಕಾರಿಗಳನ್ನು ನಾನು ದೂರುವುದಿಲ್ಲ. ಅವರಲ್ಲಿ ಬಹಳ ಮಂದಿ ಸಜ್ಜನರು, ಎರಡು ಸಲ ನಿಧಾನವಾಗಿ ಹೇಳುವ ತಾಳ್ಮೆಯುಳ್ಳವರು. ಆದರೆ ಕೊನೆಗೆ ನಡಾವಳಿಯ ಪುಸ್ತಕದಲ್ಲಿ ಬರೆಯುವುದು ಮಲಯಾಳದಲ್ಲಿ. ಅದರ ಕೆಳಗೆ ನಾವು ಕನ್ನಡದಲ್ಲಿ ಸಹಿ ಹಾಕುತ್ತೇವೆ. ತಾನು ಹೇಳಿದ ಮಾತು ಪುಸ್ತಕಕ್ಕೆ ಏರಿದೆಯೇ, ಏರಿದ್ದರೆ ಹೇಗೆ ಏರಿದೆ ಎಂಬುದನ್ನು ಓದಿ ಖಚಿತಪಡಿಸಿಕೊಳ್ಳಲಾರದವನ ಸಹಿಗೆ ಏನು ಬೆಲೆ? ಈ ವಿಷಯದಲ್ಲಿ ನನಗೆ ತೀವ್ರವಾದ ನೋವಿದೆ, ಅದನ್ನು ಮರೆಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ ಎಂಬುದೇ ಈ ನೋವನ್ನು ಹೆಚ್ಚಿಸುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾನೂನು ರಾಜ್ಯದ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸೆಕ್ರೆಟರಿಯೇಟಿನೊಂದಿಗೆ, ಇಲಾಖಾ ಮುಖ್ಯಸ್ಥರೊಂದಿಗೆ, ತಾವು ಹೆಚ್ಚಾಗಿರುವ ಪ್ರದೇಶಗಳ ಸರ್ಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೊಟ್ಟಿದೆ. ಉತ್ತರವನ್ನೂ ಅದೇ ಭಾಷೆಯಲ್ಲಿ ಕೊಡಬೇಕೆಂದು ಹೇಳಿದೆ. ಸಂವಿಧಾನದ 350ನೆಯ ವಿಧಿ ತನ್ನ ಕಷ್ಟವನ್ನು ದೇಶದ ಅಥವಾ ರಾಜ್ಯದ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಬರೆದು ತಿಳಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ನೀಡುತ್ತದೆ. ಚುನಾವಣಾ ಆಯೋಗ ಎರಡು ಲಿಪಿಗಳಲ್ಲಿ ಹಾಳೆಯನ್ನು ಅಚ್ಚುಹಾಕಿ, ಮನಸ್ಸಿದ್ದರೆ ಇದು ಸಾಧ್ಯವೆಂಬುದನ್ನು ಕಣ್ಣೆದುರಿಗೇ ತೋರಿಸಿದೆ. ವರ್ಷಕ್ಕೆ ಕೆಲವು ಬಾರಿ ಹೊರಡಿಸುವ ಒಂದು ಪುಟದ ಗ್ರಾಮಸಭೆಯ ನೋಟೀಸನ್ನು ಕನ್ನಡದಲ್ಲಿಯೂ ಮುದ್ರಿಸಲು ಪಂಚಾಯತಿಗೆ ಆಗುವ ಖರ್ಚು ಗಣನೆಗೆ ಬರುವಂಥದ್ದಲ್ಲ. ಕನ್ನಡ ಬಲ್ಲ ಗುಮಾಸ್ತರಿಲ್ಲವೆಂಬ ಕಾರಣವನ್ನು ಹೇಳಿದರೆ, ಅದೇ ಪಂಚಾಯತಿನ ಆಡಳಿತ ಸಮಿತಿಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದ ಸದಸ್ಯರಿದ್ದಾರೆ, ಊರಿನ ತುಂಬ ಕನ್ನಡ ಶಾಲೆಗಳ ಅಧ್ಯಾಪಕರಿದ್ದಾರೆ. ಕೇಳಿದರೆ ಸಂತೋಷದಿಂದ ಬರೆದುಕೊಡುವವರು ಇವರು.

ಮಲಯಾಳದ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ನೆರೆಹೊರೆಯವರ ಭಾಷೆ ಅದು, ನಮ್ಮ ಮಕ್ಕಳೂ ಅದನ್ನು ಕಲಿತು ಆಡಬೇಕು, ರಾಜ್ಯದ ಭಾಷೆಯನ್ನು ಅರಿಯದೆ ಉದ್ಯೋಗವೂ ಇಲ್ಲ ವ್ಯವಹಾರವೂ ಇಲ್ಲ. ನಾನು ಕೇಳುತ್ತಿರುವುದು ಮಲಯಾಳದ ನೋಟೀಸಿನ ಪಕ್ಕದಲ್ಲಿ ಕನ್ನಡದ್ದೂ ಇರಲಿ ಎಂದು ಮಾತ್ರ.

ಅಂಕಗಳಲ್ಲಿ ಹೇಳುವುದಾದರೆ ಮತದಾನದ ದಿನದ ಸೇವೆಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ನನ್ನ ಬೂತಿನ ಗೋಡೆಯ ಸೂಚನಾ ಹಾಳೆಯಲ್ಲಿಯೂ ಕನ್ನಡವಿದ್ದಿದ್ದರೆ ಉಳಿದ ಅರ್ಧವನ್ನೂ ಕೊಡುತ್ತಿದ್ದೆ. ಸದಸ್ಯರ ಸೇವೆಗೆ ಮೂರೂವರೆ. ತಿಂಗಳಿಗೊಂದು ದಿನ ಊರಿನ ವಾಚನಾಲಯದಲ್ಲಿ ಎಲ್ಲರಿಗೂ ಸಿಗುವಂತೆ ಕುಳಿತುಕೊಳ್ಳುವ ಸದಸ್ಯರಿದ್ದರೆ ಅದನ್ನು ಹೆಚ್ಚಿಸಲು ನಾನು ತಡಮಾಡುವುದಿಲ್ಲ. ಕಾಸರಗೋಡಿನಲ್ಲಿ ವಾಚನಾಲಯವಿಲ್ಲದ ಊರು ಕಡಿಮೆ, ಭಾನುವಾರ ಬೆಳಗ್ಗೆ ಅಲ್ಲಿ ಬೆಂಚುಗಳೂ ಖಾಲಿಯಿರುತ್ತವೆ. ಗ್ರಾಮಸಭೆಗೆ, ಅದು ಕಾನೂನಿನಲ್ಲಿ ಇರುವ ರೀತಿಗೆ, ಐದಕ್ಕೆ ಐದು. ಅದು ಕನ್ನಡ ಮತದಾರನಿಗೆ ತಲುಪುವ ರೀತಿಗೆ ಎರಡಕ್ಕಿಂತ ಹೆಚ್ಚು ಕೊಡಲು ನನ್ನಿಂದ ಆಗುವುದಿಲ್ಲ.

ಹೊಸ ಆಡಳಿತ ಸಮಿತಿಗಳಿಗೆ ಐದು ವರ್ಷಗಳ ಅವಧಿಯಿದೆ. ಕನ್ನಡ ನೋಟೀಸು ಬೇಕೆಂದು ಬಯಸುವವರು ಗ್ರಾಮಸಭೆಯ ದಿನಕ್ಕಾಗಿ ಕಾಯದೆ, ಪಂಚಾಯತು ಕಾರ್ಯದರ್ಶಿಗೆ ಈಗಲೇ ಕನ್ನಡದಲ್ಲಿ ಅರ್ಜಿ ಬರೆಯಬೇಕು. 1969ರ ಕಾನೂನನ್ನು ಅದರಲ್ಲಿ ಹೆಸರಿಸಿ, ಗ್ರಾಮಸಭೆಯ ನೋಟೀಸು, ಫಲಾನುಭವಿಗಳ ಅರ್ಜಿ ನಮೂನೆ ಮತ್ತು ಒಪ್ಪಿಗೆಯಾದ ಪಟ್ಟಿ ಈ ಮೂರನ್ನು ಕನ್ನಡದಲ್ಲಿಯೂ ಪ್ರಕಟಿಸಬೇಕೆಂದು ಕೇಳಬೇಕು. ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮುದ್ರೆಯನ್ನು ದಿನಾಂಕದೊಂದಿಗೆ ಹಾಕಿಸಿಕೊಳ್ಳಬೇಕು. ಉತ್ತರ ಬಾರದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಆ ಪ್ರತಿಯನ್ನು ಓದಿ, ಅದನ್ನು ಠರಾವಾಗಿ ಮಂಡಿಸಿ, ನಡಾವಳಿಯ ಪುಸ್ತಕದಲ್ಲಿ ಬರೆಸಬೇಕು. ಬರೆದದ್ದನ್ನು ಎಲ್ಲರೆದುರು ಕನ್ನಡದಲ್ಲಿ ಓದಿ ಕೇಳಿಸಿದ ಮೇಲೆ ಸಹಿ ಹಾಕಬೇಕು.